ಹದಿನೈದು ದಿನದ ಆಚೆ, ಆರು ತಿಂಗಳ ಈಚೆ

ಲಕ್ವ ಹೊಡೆದವರನ್ನು ನಾಲ್ಕೂವರೆ ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಬೇಕು ಎಂಬ ಮಾತು ಈಗ ಹಳ್ಳಿಗಳಿಗೂ ತಲುಪುತ್ತಿದೆ. ಬಾಯಿ ಸೊಟ್ಟಗಾದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತಾ ಹೊತ್ತು ಕಳೆಯಬೇಡಿ, 108ಕ್ಕೆ ಫೋನ್ ಮಾಡಿ ಎಂಬ ತಿಳಿವಳಿಕೆ ನಿಧಾನವಾಗಿಯಾದರೂ ಬೇರು ಬಿಡುತ್ತಿದೆ. ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಆ ಅವಧಿಯೊಳಗೇ ಕೊಡಬೇಕು. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಿಂದ ಹೊರಟು ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳನ್ನು ತೆರೆಯಿತು. ಇದು ನಿಜಕ್ಕೂ ದೊಡ್ಡ ಕೆಲಸ.

ಗಂಟೆಗಳ ಲೆಕ್ಕ ಇಷ್ಟು ಚೆನ್ನಾಗಿ ಕಲಿತ ವ್ಯವಸ್ಥೆಗೆ ತಿಂಗಳುಗಳ ಲೆಕ್ಕ ಮಾತ್ರ ಇನ್ನೂ ಬಂದಿಲ್ಲ. ಜೀವ ಉಳಿದ ಮೇಲೆ ಕೈಕಾಲು, ಮಾತು, ನುಂಗುವ ಶಕ್ತಿ ಎಷ್ಟು ಮರಳುತ್ತದೆ ಎನ್ನುವುದು ಬಹುಮಟ್ಟಿಗೆ ಮುಂದಿನ ಮೂರರಿಂದ ಆರು ತಿಂಗಳಲ್ಲಿ ತೀರ್ಮಾನವಾಗುತ್ತದೆ. ಮೆದುಳಿನಲ್ಲಿ ಸತ್ತ ಜೀವಕೋಶ ಮತ್ತೆ ಹುಟ್ಟುವುದಿಲ್ಲ. ಉಳಿದ ಭಾಗಗಳು ಹೋದದ್ದರ ಕೆಲಸವನ್ನು ಒಂದಿಷ್ಟು ಕಲಿತುಕೊಳ್ಳುತ್ತವೆ, ಆದರೆ ಅದಕ್ಕೆ ಒಂದೇ ಚಲನೆಯನ್ನು ನೂರಾರು ಸಲ ಸರಿಯಾದ ರೀತಿಯಲ್ಲಿ ಮಾಡಿಸಬೇಕು. ಆರು ತಿಂಗಳ ನಂತರವೂ ಸುಧಾರಣೆ ಇರುತ್ತದೆ, ವೇಗ ಮಾತ್ರ ತಗ್ಗುತ್ತದೆ. ಎಂದರೆ ಪುನಶ್ಚೇತನ ಚಿಕಿತ್ಸೆ ಅತಿ ಹೆಚ್ಚು ಫಲ ಕೊಡುವ ಕಾಲ ಶುರುವಾಗುವುದು ರೋಗಿ ಆಸ್ಪತ್ರೆಯ ಗೇಟು ದಾಟುವ ಹೊತ್ತಿಗೆ. ಅವರನ್ನು ನೋಡಿಕೊಳ್ಳಬೇಕಾದವರೆಲ್ಲ ಕೈಬಿಡುವುದೂ ಅದೇ ಹೊತ್ತಿಗೆ.

ಡಿಸ್ಚಾರ್ಜ್ ಸಮ್ಮರಿ ಎಂಬ ಕಾಗದವನ್ನು ಒಮ್ಮೆ ನಿಧಾನವಾಗಿ ಓದಿದರೆ ಈ ಮಾತು ಅರ್ಥವಾಗುತ್ತದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಏನು ಕಂಡಿತು, ಬಿ.ಪಿ., ಸಕ್ಕರೆ ಎಷ್ಟಿತ್ತು, ಯಾವ ಮಾತ್ರೆ ಬೆಳಿಗ್ಗೆ, ಯಾವುದು ರಾತ್ರಿ ಎಲ್ಲವೂ ಅದರಲ್ಲಿ ಅಚ್ಚುಕಟ್ಟಾಗಿರುತ್ತದೆ. ಕೊನೆಯಲ್ಲಿ ಫಿಸಿಯೊಥೆರಪಿ ಮುಂದುವರಿಸಿ, ಎರಡು ವಾರ ಬಿಟ್ಟು ಒಪಿಡಿಗೆ ಬನ್ನಿ ಎಂಬ ಒಂದು ಸಾಲು. ರೋಗಿ ಆಸರೆಯಿಲ್ಲದೆ ಮಂಚದ ಅಂಚಿನಲ್ಲಿ ಎಷ್ಟು ಹೊತ್ತು ಕೂರಬಲ್ಲರು? ನೀರು ಕುಡಿದಾಗ ಕೆಮ್ಮು ಬರುತ್ತದೆಯೇ? ಬರುವುದಾದರೆ ಗಂಜಿ ಎಷ್ಟು ಗಟ್ಟಿ ಇರಬೇಕು? ಮನೆಯ ಹೊಸಿಲು ಎಷ್ಟು ಎತ್ತರ, ಶೌಚಾಲಯ ಕುಕ್ಕರಗಾಲಿನಲ್ಲಿ ಕೂರುವಂಥದ್ದೇ, ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ? ಇವುಗಳಲ್ಲಿ ಒಂದೂ ಆ ಕಾಗದದಲ್ಲಿ ಕಾಣುವುದು ಅಪರೂಪ. ಫಿಸಿಯೊಥೆರಪಿ ಎಲ್ಲಿ, ಯಾರಿಂದ, ವಾರಕ್ಕೆ ಎಷ್ಟು ದಿನ, ಯಾವ ಗುರಿಗಾಗಿ ಎಂಬುದೂ ಇರುವುದಿಲ್ಲ. ವೈದ್ಯರಿಗೆ ಕಾಳಜಿ ಇಲ್ಲವೆಂದು ಇದರ ಅರ್ಥವಲ್ಲ. ಅವರ ಕೆಲಸದ ಗಡಿಯನ್ನು ವ್ಯವಸ್ಥೆ ಅಲ್ಲಿಗೇ ಎಳೆದುಬಿಟ್ಟಿದೆ.

ಆ ಒಂದು ಸಾಲಿನ ಕೊರತೆ ಮನೆಯಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ಭುಜವನ್ನು ನೋಡಬಹುದು. ಪಾರ್ಶ್ವವಾಯು ಆದ ಕಡೆಯ ಭುಜದ ಸ್ನಾಯುಗಳು ಸಡಿಲವಾಗಿರುತ್ತವೆ. ತೋಳಿನ ಮೂಳೆಯನ್ನು ಕೀಲಿನಲ್ಲಿ ಹಿಡಿದಿಡುವ ಬಿಗಿ ಇರುವುದಿಲ್ಲ. ಮನೆಯವರು ಪ್ರೀತಿಯಿಂದಲೇ ಆ ಕೈಯನ್ನು ಹಿಡಿದೋ, ಕಂಕುಳಿಗೆ ಕೈ ಕೊಟ್ಟೋ ರೋಗಿಯನ್ನು ಎಬ್ಬಿಸುತ್ತಾರೆ. ದಿನಕ್ಕೆ ಹತ್ತು ಸಲ ಹೀಗೆ ಎಳೆದರೆ ಕೀಲು ಜಾರುತ್ತದೆ. ಕೆಲವೇ ವಾರಗಳಲ್ಲಿ ಭುಜ ಮುಟ್ಟಿದರೂ ಚೀರುವಷ್ಟು ನೋವು. ನೋವಿಗೆ ಹೆದರಿ ರೋಗಿ ವ್ಯಾಯಾಮಕ್ಕೆ ಒಪ್ಪುವುದಿಲ್ಲ, ವ್ಯಾಯಾಮ ಇಲ್ಲದೆ ಕೈ ಮಡಚಿ ಬಿಗಿಯುತ್ತದೆ. ಸೊಂಟಕ್ಕೆ ಅಗಲವಾದ ಬಟ್ಟೆಯ ಪಟ್ಟಿ ಕಟ್ಟಿ ಅದನ್ನು ಹಿಡಿದು ಎಬ್ಬಿಸುವುದು, ಮಲಗಿದಾಗ ಆ ತೋಳಿನ ಕೆಳಗೆ ದಿಂಬು ಇಡುವುದು ಇವಿಷ್ಟನ್ನು ಯಾರಾದರೂ ಮೊದಲ ವಾರವೇ ಮನೆಗೆ ಬಂದು ಮಾಡಿ ತೋರಿಸಿದ್ದರೆ ಈ ಪಾಡಿನ ಬಹುಪಾಲು ತಪ್ಪುತ್ತಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಬಿಲ್ಲು, ಆಂಬುಲೆನ್ಸು, ಔಷಧಿ ಎಂಬ ಗಡಿಬಿಡಿಯ ನಡುವೆ ಎರಡು ನಿಮಿಷ ಹೇಳಿದ್ದು ಯಾರ ತಲೆಯಲ್ಲೂ ನಿಲ್ಲುವುದಿಲ್ಲ.

ಬೆನ್ನಿನ ಹುಣ್ಣಿನ ಕಥೆಯೂ ಬೇರೆಯಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಮೂಳೆ ಒತ್ತಿದ ಕಡೆ ಚರ್ಮ ಕೆಂಪಾಗುತ್ತದೆ, ಆಮೇಲೆ ಒಡೆಯುತ್ತದೆ. ತೊಡೆಮೂಳೆ ಮುರಿದ ಅಜ್ಜಿಯನ್ನು ಶಸ್ತ್ರಚಿಕಿತ್ಸೆಯ ಮರುದಿನವೇ ಆಸ್ಪತ್ರೆಯಲ್ಲಿ ವಾಕರ್ ಹಿಡಿಸಿ ನಿಲ್ಲಿಸಿರುತ್ತಾರೆ. ಮನೆಗೆ ಬಂದ ಮೇಲೆ ಮತ್ತೆ ಬಿದ್ದಾರು ಎಂಬ ಹೆದರಿಕೆಗೆ ಮಂಚ ಬಿಟ್ಟು ಇಳಿಯಲು ಬಿಡುವುದಿಲ್ಲ. ಲಕ್ಷಾಂತರ ರೂಪಾಯಿಯ ಶಸ್ತ್ರಚಿಕಿತ್ಸೆ ಮಂಚದ ಮೇಲೆ ವ್ಯರ್ಥವಾಗುತ್ತದೆ.

ಈಗ ಹಣದ ಲೆಕ್ಕ. ಆಯುಷ್ಮಾನ್ ಭಾರತ್ ಯೋಜನೆ 2018ರಲ್ಲಿ ಶುರುವಾದಾಗ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯ ಭರವಸೆ ಕೊಟ್ಟಿತು. ಕರ್ನಾಟಕದಲ್ಲಿ ಅದು ರಾಜ್ಯದ ‘ಆರೋಗ್ಯ ಕರ್ನಾಟಕ’ ಯೋಜನೆಯೊಂದಿಗೆ ಸೇರಿ ನಡೆಯುತ್ತಿದೆ. ಬಡವರ ಪಾಲಿಗೆ ಇದು ಎಷ್ಟು ದೊಡ್ಡ ಆಸರೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಯೋಜನೆಯ ಕಣ್ಣು ಇರುವುದು ಒಳರೋಗಿಯ ಮೇಲೆ. ಆಸ್ಪತ್ರೆಗೆ ಸೇರುವ ಮುನ್ನ 3 ದಿನ, ಬಿಡುಗಡೆಯ ನಂತರ 15 ದಿನದ ತಪಾಸಣೆ ಮತ್ತು ಔಷಧಿಯ ಖರ್ಚನ್ನು ಅದು ಒಳಗೊಳ್ಳುತ್ತದೆ. ಹದಿನಾರನೇ ದಿನದಿಂದ ಮನೆಗೆ ಬರುವ ಫಿಸಿಯೊಥೆರಪಿಸ್ಟ್‌ಗೆ ಭೇಟಿಗೊಮ್ಮೆ ಹಲವು ನೂರು ರೂಪಾಯಿ ಕೊಡಬೇಕು. ಕೂಲಿ ಮನೆಯಲ್ಲಿ ಅದು ಒಂದೆರಡು ವಾರಕ್ಕೇ ನಿಲ್ಲುತ್ತದೆ. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗೋಣವೆಂದರೆ ಶಕ್ತಿ ಯೋಜನೆಯಿಂದ ಹೆಂಡತಿಗೋ ಸೊಸೆಗೋ ಬಸ್ಸು ಉಚಿತ. ಅರ್ಧ ದೇಹ ಮಾತು ಕೇಳದ ಮನುಷ್ಯನನ್ನು ಆ ಬಸ್ಸಿನ ಎತ್ತರದ ಮೆಟ್ಟಿಲು ಹತ್ತಿಸುವುದು ಹೇಗೆ? ಆಟೊ ಬಾಡಿಗೆ, ಜೊತೆಗೆ ಬರುವವರ ಒಂದು ದಿನದ ಕೂಲಿ, ಅಲ್ಲಿಗೆ ಹೋದ ಮೇಲೆ ಕಾಯುವಿಕೆ. ಇಪ್ಪತ್ತು ನಿಮಿಷದ ವ್ಯಾಯಾಮಕ್ಕೆ ಇಡೀ ದಿನ ಹೋಗುತ್ತದೆ.

ಇನ್ನೊಂದು ತುದಿಯಲ್ಲಿ ದೀರ್ಘಕಾಲದ ನೆರವು ಕಾಯುತ್ತಿದೆ. ಅಂಗವಿಕಲತೆಯ ಪ್ರಮಾಣಪತ್ರ ಸಿಕ್ಕರೆ ಮಾಸಾಶನ, ಗಾಲಿಕುರ್ಚಿ, ಬಸ್ ಪಾಸಿನ ದಾರಿ ತೆರೆಯುತ್ತದೆ. ಆದರೆ ನರಸಂಬಂಧಿ ಕಾಯಿಲೆಗಳಲ್ಲಿ ಈ ಪ್ರಮಾಣಪತ್ರಕ್ಕಾಗಿ ಪರೀಕ್ಷೆ ನಡೆಸುವುದು ಸಾಮಾನ್ಯವಾಗಿ ಕಾಯಿಲೆ ಬಂದು ಆರು ತಿಂಗಳಾದ ಮೇಲೆ. ಊನ ಶಾಶ್ವತವೇ ಅಲ್ಲವೇ ಎಂದು ತಿಳಿಯಲು ಅಷ್ಟು ಸಮಯ ಬೇಕು ಎಂಬುದು ವೈದ್ಯಕೀಯವಾಗಿ ಸರಿಯೇ. ಪರಿಣಾಮ ಮಾತ್ರ ಕ್ರೂರವಾಗಿದೆ. ಆರೋಗ್ಯ ಇಲಾಖೆಯ ವಿಮೆ ಹದಿನೈದನೇ ದಿನಕ್ಕೆ ಕೈ ತೊಳೆದುಕೊಳ್ಳುತ್ತದೆ, ವಿಕಲಚೇತನರ ಇಲಾಖೆಯ ಲೆಕ್ಕಕ್ಕೆ ಮನುಷ್ಯ ಬರುವುದು ಆರು ತಿಂಗಳ ಮೇಲೆ. ನಡುವಿನ ಐದೂವರೆ ತಿಂಗಳು ಅವರು ರೋಗಿಯೂ ಅಲ್ಲ, ವಿಕಲಚೇತನರೂ ಅಲ್ಲ. ದೇಹ ಮರಳಿ ಕಲಿಯಲು ಸಿದ್ಧವಾಗಿರುವುದು ಆ ಐದೂವರೆ ತಿಂಗಳಲ್ಲೇ. ಸರಿಯಾದ ಕಾಲದಲ್ಲಿ ಚಿಕಿತ್ಸೆ ಕೊಡದೆ, ಆಮೇಲೆ ಉಳಿದ ಊನವನ್ನು ಶೇಕಡಾವಾರು ಅಳೆದು ಮಾಸಾಶನ ಕೊಡುವ ಕ್ರಮ ಇದು.

ಜಪಾನ್ ಈ ಕಂದಕವನ್ನು ಭಾರತಕ್ಕಿಂತ ಬಹಳ ಮೊದಲೇ ಗುರುತಿಸಿತು. 2000ದ ಏಪ್ರಿಲ್‌ನಲ್ಲಿ ಅಲ್ಲಿ ದೀರ್ಘಕಾಲದ ಆರೈಕೆಗೆಂದೇ ಪ್ರತ್ಯೇಕ ವಿಮೆ ಜಾರಿಗೆ ಬಂತು. 40 ದಾಟಿದವರೆಲ್ಲ ಅದಕ್ಕೆ ಕಂತು ಕಟ್ಟುತ್ತಾರೆ. ಆರೈಕೆ ಬೇಕಾದಾಗ ಕೇರ್ ಮ್ಯಾನೇಜರ್ ಒಬ್ಬರು ಆ ವ್ಯಕ್ತಿಗೆ ವಾರದ ಯಾವ ದಿನ ಯಾವ ನೆರವು ಎಂಬ ಯೋಜನೆ ಮಾಡಿಕೊಡುತ್ತಾರೆ. ಅದೇ ವರ್ಷ ಆಸ್ಪತ್ರೆ ಮತ್ತು ಮನೆಯ ನಡುವೆ ಚೇತರಿಕೆಯ ಪುನಶ್ಚೇತನ ವಾರ್ಡುಗಳು ಹುಟ್ಟಿಕೊಂಡವು. ಪಾರ್ಶ್ವವಾಯು ರೋಗಿ ಅಲ್ಲಿ 150 ದಿನ, ತೀವ್ರವಾಗಿದ್ದರೆ 180 ದಿನದವರೆಗೆ ಇರಬಹುದು. ತೊಡೆಮೂಳೆ ಮುರಿದವರಿಗೆ 90 ದಿನ. ಮೊದಲ ಆಸ್ಪತ್ರೆ, ಚೇತರಿಕೆಯ ವಾರ್ಡು, ಊರಿನ ಕ್ಲಿನಿಕ್ ಈ ಮೂರೂ ಒಂದೇ ಚಿಕಿತ್ಸಾ ದಾರಿಯ ಹಾಳೆಯನ್ನು ಹಂಚಿಕೊಂಡು ಕೆಲಸ ಮಾಡಿದರೆ ಅದಕ್ಕೆ ವಿಮೆಯಿಂದಲೇ ಹಣ ಕೊಡುವ ಪದ್ಧತಿ 2006ರಲ್ಲಿ ತೊಡೆಮೂಳೆ ಮುರಿತಕ್ಕೆ, 2008ರಲ್ಲಿ ಪಾರ್ಶ್ವವಾಯುವಿಗೆ ಬಂತು.

ಇಷ್ಟೆಲ್ಲ ಇದ್ದೂ ಜಪಾನ್ ಎಡವಿತು, ಕರ್ನಾಟಕ ಹೆಚ್ಚು ಗಮನಿಸಬೇಕಾದದ್ದು ಆ ಎಡವಟ್ಟನ್ನೇ. 2006ರ ಏಪ್ರಿಲ್‌ನಲ್ಲಿ ಸರ್ಕಾರ ವೈದ್ಯಕೀಯ ವಿಮೆಯಡಿಯ ಪುನಶ್ಚೇತನಕ್ಕೆ ದಿನಗಳ ಮಿತಿ ಹಾಕಿತು. ಪಾರ್ಶ್ವವಾಯುವಿಗೆ 180 ದಿನ, ಮೂಳೆ ಸ್ನಾಯುಗಳ ತೊಂದರೆಗೆ 150, ಉಸಿರಾಟದ ಕಾಯಿಲೆಗೆ 90. ಆಮೇಲಿನದನ್ನು ಆರೈಕೆ ವಿಮೆ ನೋಡಿಕೊಳ್ಳಲಿ ಎಂಬುದು ಲೆಕ್ಕಾಚಾರ. ಕಾಗದದ ಮೇಲೆ ಇದು ಚೊಕ್ಕವಾಗಿತ್ತು. ಆದರೆ ಆಸ್ಪತ್ರೆಯಲ್ಲಿ ಸಿಗುತ್ತಿದ್ದ ನುರಿತ ಕೈಯ ಚಿಕಿತ್ಸೆ ಆರೈಕೆಯ ಕಡೆ ಎಲ್ಲರಿಗೂ ಸಿಗುವಷ್ಟು ಇರಲಿಲ್ಲ.

ಅದರ ವಿರುದ್ಧ ನಿಂತವರಲ್ಲಿ ಮುಂಚೂಣಿಯಲ್ಲಿದ್ದವರು ತೊಮಿಯೊ ತಾದಾ. ಅವರು ಜಗತ್ತಿಗೆ ಪರಿಚಿತರಾದ ರೋಗನಿರೋಧಕ ಶಾಸ್ತ್ರದ ವಿಜ್ಞಾನಿ, ‘ನೋ’ ಎಂಬ ಜಪಾನಿನ ಸಾಂಪ್ರದಾಯಿಕ ನಾಟಕಗಳ ಕರ್ತೃವೂ ಹೌದು. 2001ರಲ್ಲಿ ಪಾರ್ಶ್ವವಾಯು ಅವರ ಬಲಭಾಗವನ್ನೂ ಮಾತನ್ನೂ ಕಸಿದುಕೊಂಡಿತು, ನುಂಗುವುದೇ ಕಷ್ಟವಾಯಿತು. ಎಡಗೈಯಲ್ಲಿ ಕಂಪ್ಯೂಟರಿನ ಕೀಲಿಗಳನ್ನು ಒತ್ತುತ್ತಾ ಅವರು ಪತ್ರಿಕೆಗಳಿಗೆ ಬರೆದರು. ಕೆಲವೇ ವಾರಗಳಲ್ಲಿ 4 ಲಕ್ಷ 40 ಸಾವಿರಕ್ಕೂ ಹೆಚ್ಚು ಸಹಿಗಳು ಸಂಗ್ರಹವಾಗಿ 2006ರ ಜೂನ್ ಕೊನೆಗೆ ಆರೋಗ್ಯ ಸಚಿವಾಲಯಕ್ಕೆ ತಲುಪಿದವು. ಮರುವರ್ಷ ಸರ್ಕಾರ ನಿಯಮವನ್ನು ಒಂದಷ್ಟು ಸಡಿಲಿಸಿತು. ತಾದಾ 2010ರಲ್ಲಿ ತೀರಿಕೊಂಡರು. ಇನ್ನು ಸುಧಾರಣೆ ಇಲ್ಲ ಎಂದು ಅಳತೆಗೋಲು ಹೇಳಿದರೂ, ಇರುವ ಶಕ್ತಿ ಕುಸಿಯದಂತೆ ಹಿಡಿದಿಡುವುದೂ ಚಿಕಿತ್ಸೆಯೇ ಎಂಬುದು ಆ ಹೋರಾಟದ ತಿರುಳು. ಆ ಮಾತು ಇಂದಿಗೂ ಸತ್ಯ, ಕಲಬುರಗಿಯ ರೋಗಿಗೂ ಸತ್ಯ.

ಇನ್ನೂ ಒಂದು ವಿವರವಿದೆ. ಆಸ್ಪತ್ರೆಯ ಪುನಶ್ಚೇತನ ಯೋಜನೆಯ ಪ್ರತಿಯನ್ನು ಆರೈಕೆಯ ಕಡೆಯ ಪುನಶ್ಚೇತನ ಕೇಂದ್ರ ಕಡ್ಡಾಯವಾಗಿ ಪಡೆದು ಓದಬೇಕು ಎಂಬ ನಿಯಮ ಜಪಾನಿನಲ್ಲಿ ಬಂದದ್ದು 2024ರಲ್ಲಿ. ಎರಡೂ ವಿಮೆ, ಎರಡೂ ಕಡೆ ತಜ್ಞರು, ಹಣ ಎಲ್ಲ ಇದ್ದ ದೇಶದಲ್ಲೇ ಒಂದು ಕಾಗದ ಈ ಕೈಯಿಂದ ಆ ಕೈಗೆ ಹೋಗಲೇಬೇಕು ಎಂದು ಬರೆದಿಡಲು 24 ವರ್ಷ ಹಿಡಿಯಿತು. ಎರಡು ಇಲಾಖೆಗಳ ನಡುವಿನ ಗೋಡೆ ತಾನಾಗಿ ಕರಗುವುದಿಲ್ಲ.

ಭಾರತದಲ್ಲಿ ಇಂಥ ಚರ್ಚೆ ಬಂದಾಗಲೆಲ್ಲ ನಮ್ಮಲ್ಲಿ ಕುಟುಂಬ ಇದೆ, ಮನೆಯವರಿಗೇ ಕಲಿಸಿಬಿಟ್ಟರೆ ಆಯಿತು ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಲುಧಿಯಾನದ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞ ಜಯರಾಜ್ ಪಾಂಡಿಯನ್ ಮತ್ತು ಸಂಗಡಿಗರು ದೇಶದ 14 ಆಸ್ಪತ್ರೆಗಳಲ್ಲಿ 1,250 ಪಾರ್ಶ್ವವಾಯು ರೋಗಿಗಳ ಮೇಲೆ ನಡೆಸಿದ ‘ಅಟೆಂಡ್’ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿನ ರೋಗಿಗಳ ಮನೆಯವರಿಗೆ ಆಸ್ಪತ್ರೆಯಲ್ಲೇ ತರಬೇತಿ ಕೊಟ್ಟು, ಆಮೇಲೆ ಮನೆಗೂ ಹೋಗಿ ಹೇಳಿಕೊಟ್ಟರು. ಇನ್ನೊಂದು ಗುಂಪಿಗೆ ಎಂದಿನ ವ್ಯವಸ್ಥೆ. ಆರು ತಿಂಗಳ ನಂತರ ಎರಡೂ ಗುಂಪಿನಲ್ಲಿ ಸತ್ತವರು ಅಥವಾ ಇನ್ನೊಬ್ಬರನ್ನು ಅವಲಂಬಿಸಿದವರು ಶೇ 47. ವ್ಯತ್ಯಾಸ ಇರಲಿಲ್ಲ.

ಈ ಫಲಿತಾಂಶವನ್ನು ಪುನಶ್ಚೇತನದಿಂದಲೇ ಉಪಯೋಗವಿಲ್ಲ ಎಂದು ಓದುವುದು ತಪ್ಪು. ಅದು ಹೇಳುವುದು, ನುರಿತ ಚಿಕಿತ್ಸಕರು ಮಾಡಬೇಕಾದ ಕೆಲಸವನ್ನು ಮನೆಯವರ ಹೆಗಲಿಗೆ ದಾಟಿಸಿ ಕೈ ತೊಳೆದುಕೊಳ್ಳಲಾಗದು ಎಂಬುದನ್ನು. ಮನೆಯವರು ಎಂದರೆ ಬಹುತೇಕ ಹೆಂಡತಿ, ಸೊಸೆ, ಮಗಳು. ಗಾರ್ಮೆಂಟ್ಸ್ ಕೆಲಸವನ್ನೋ ಹೊಲದ ಕೂಲಿಯನ್ನೋ ಬಿಟ್ಟು ಮಂಚದ ಪಕ್ಕ ಉಳಿಯುವ ಆಕೆಯ ಆದಾಯ ನಿಂತದ್ದನ್ನು ಯಾವ ಬಿಲ್ಲೂ ತೋರಿಸುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತನ್ನಾಡುತ್ತದೆ. ಅದಕ್ಕೂ ಮೊದಲು ಪ್ರಮಾಣಪತ್ರ ಬೇಕು, ಅಲ್ಲಿಗೆ ಮತ್ತೆ ಆರು ತಿಂಗಳ ಗೋಡೆ.

ಹಾಗೆಂದು ರಾಜ್ಯದಲ್ಲಿ ಏನೂ ಇಲ್ಲವೇ? ಇದೆ. 1959ರಲ್ಲಿ ಎನ್.ಎಸ್. ಹೇಮಾ ಬೆಂಗಳೂರಿನಲ್ಲಿ ಕಟ್ಟಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಬೆನ್ನುಹುರಿಗೆ ಪೆಟ್ಟಾದವರಿಗೆ ಪುನಶ್ಚೇತನ ನೀಡುತ್ತಿದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಅಡಿಕೆ, ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು ಕಡಿಮೆಯಿಲ್ಲ. ಅಂಥವರಿಗಾಗಿ ಬೆಳ್ತಂಗಡಿ ತಾಲ್ಲೂಕಿನ ಸೌತಡ್ಕದಲ್ಲಿ ಸೇವಾಭಾರತಿಯ ಸೇವಾಧಾಮ ಕೆಲಸ ಮಾಡುತ್ತಿದೆ. ಮೂತ್ರನಾಳದ ಸೋಂಕು, ಬೆನ್ನಿನ ಹುಣ್ಣು ಬೆನ್ನುಹುರಿ ಗಾಯಾಳುಗಳ ಜೀವವನ್ನೇ ತೆಗೆಯುತ್ತವೆ, ಅವನ್ನು ತಡೆಯುವ ದಿನನಿತ್ಯದ ಅಭ್ಯಾಸವನ್ನು ಕಲಿಯಲು ಒಂದು ಜಾಗ ಬೇಕು. ಮಾತು ಕಳೆದುಕೊಂಡವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆದರೆ ಇವೆಲ್ಲ ಹುಡುಕಿಕೊಂಡು ಹೋದವರಿಗೆ ಸಿಗುವ ಸೌಲಭ್ಯಗಳು. ಹುಡುಕಬೇಕೆಂದೇ ತಿಳಿಯದವರ ಪಾಲಿಗೆ ಅವು ಇಲ್ಲದಂತೆಯೇ.

ಎಲ್ಲಕ್ಕಿಂತ ಮುಖ್ಯವಾದದ್ದು ಎಲ್ಲರ ಕಣ್ಣೆದುರಿಗೇ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಊರವರ ಬಾಯಲ್ಲಿ ವಿಆರ್‌ಡಬ್ಲ್ಯುಗಳು. ತಾಲ್ಲೂಕಿಗೆ ಒಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಇವರೂ ಅಂಗವೈಕಲ್ಯ ಇರುವವರೇ. ಸಣ್ಣ ಗೌರವಧನಕ್ಕೆ ದುಡಿಯುತ್ತಾ ಪಂಚಾಯಿತಿಯ ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದನ್ನು ಬಲ್ಲವರು. ಆದರೆ ಅವರು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯವರು, ಆಸ್ಪತ್ರೆ ಆರೋಗ್ಯ ಇಲಾಖೆಯದ್ದು. ಪಾರ್ಶ್ವವಾಯು ರೋಗಿ ಡಿಸ್ಚಾರ್ಜ್ ಆದ ಸುದ್ದಿ ಅವರಿಗೆ ತಲುಪುವ ಗೊತ್ತಾದ ದಾರಿ ಯಾವುದೂ ಇಲ್ಲ. ಅಟೆಂಡ್ ಅಧ್ಯಯನದ ಪಾಠ ಇಲ್ಲಿಯೂ ನೆನಪಿರಬೇಕು. ಈ ಕಾರ್ಯಕರ್ತರನ್ನೇ ಚಿಕಿತ್ಸಕರನ್ನಾಗಿ ಮಾಡಿದರೆ ಪ್ರಯೋಜನವಾಗದು, ಅದು ಅವರಿಗೂ ಅನ್ಯಾಯ. ಆದರೆ ಮನೆಗೆ ಹೋಗಿ ನೋಡುವುದು, ಚರ್ಮ ಕೆಂಪಾಗಿದೆಯೇ, ಬಿ.ಪಿ. ಮಾತ್ರೆ ನಿಂತಿದೆಯೇ, ಭುಜ ನೋಯುತ್ತಿದೆಯೇ ಎಂದು ಗಮನಿಸಿ ತಾಲ್ಲೂಕಿನ ಫಿಸಿಯೊಥೆರಪಿಸ್ಟ್‌ಗೆ ಫೋನ್ ಮಾಡುವುದು, ಆರು ತಿಂಗಳು ತುಂಬುವ ಹೊತ್ತಿಗೆ ಪ್ರಮಾಣಪತ್ರದ ಅರ್ಜಿ ಸಿದ್ಧವಾಗಿರುವಂತೆ ನೋಡಿಕೊಳ್ಳುವುದು ಅವರಿಗಿಂತ ಚೆನ್ನಾಗಿ ಬೇರೆಯವರಿಗೆ ಸಾಧ್ಯವಿಲ್ಲ. ಈ ಕೆಲಸಕ್ಕೆ ತಕ್ಕಂತೆ ಗೌರವಧನವೂ ಏರಬೇಕು.

ಕೇರಳದಲ್ಲಿ ಇದಕ್ಕೆ ಹತ್ತಿರದ ಮಾದರಿ ಬೆಳೆದು ನಿಂತಿದೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಕ್ಯಾನ್ಸರ್ ರೋಗಿಗಳ ನೋವು ನೀಗಿಸಲು ಹುಟ್ಟಿದ ಒಂದು ಸಂಸ್ಥೆಯಿಂದ ಶುರುವಾದ ಉಪಶಮನ ಆರೈಕೆ 2008ರಲ್ಲಿ ರಾಜ್ಯದ ನೀತಿಯಾಯಿತು. ಹಾಸಿಗೆ ಹಿಡಿದವರ ಮನೆಗೆ ಹೋಗುವ ನರ್ಸ್‌ನ ವೆಚ್ಚವನ್ನು ಸ್ಥಳೀಯ ಪಂಚಾಯಿತಿಗಳು ತಮ್ಮ ಯೋಜನೆಯಲ್ಲೇ ಇಟ್ಟುಕೊಂಡವು. ಕ್ಯಾನ್ಸರ್ ಮಾತ್ರವಲ್ಲ, ಪಾರ್ಶ್ವವಾಯು, ಬೆನ್ನುಹುರಿ ಗಾಯ, ಮುಪ್ಪು ಎಲ್ಲವೂ ಅದರೊಳಗೆ ಬಂದವು.

ಕರ್ನಾಟಕದಲ್ಲಿ ಮೊದಲು ಬೇಕಾದದ್ದು ಆರೋಗ್ಯ ಇಲಾಖೆ ಮತ್ತು ವಿಕಲಚೇತನರ ಇಲಾಖೆಯ ಜಂಟಿ ಆದೇಶ. ಪಾರ್ಶ್ವವಾಯು, ತಲೆಗೆ ಅಥವಾ ಬೆನ್ನುಹುರಿಗೆ ಪೆಟ್ಟು, ತೊಡೆಮೂಳೆ ಮುರಿತ ಇವುಗಳಿಂದ ಡಿಸ್ಚಾರ್ಜ್ ಆಗುವವರ ಒಪ್ಪಿಗೆ ಪಡೆದು, ಒಂದು ಪುಟದ ಪುನಶ್ಚೇತನ ಯೋಜನೆಯನ್ನು ಕನ್ನಡದಲ್ಲೇ ಬರೆದು, ಅದೇ ದಿನ ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಪುನರ್ವಸತಿ ಕಾರ್ಯಕರ್ತರಿಗೂ ಕಳುಹಿಸಬೇಕು. ಎರಡನೆಯದಾಗಿ ವಿಮೆಯ 15 ದಿನವನ್ನು ಈ ಕೆಲವು ಕಾಯಿಲೆಗಳ ಮಟ್ಟಿಗಾದರೂ 90 ದಿನಕ್ಕೆ ಹಿಗ್ಗಿಸಿ, ಅದರಲ್ಲಿ ಫಿಸಿಯೊಥೆರಪಿ, ಆಕ್ಯುಪೇಷನಲ್ ಥೆರಪಿ, ವಾಕ್ ಚಿಕಿತ್ಸೆಯನ್ನು ಸೇರಿಸಬೇಕು. ಇದಕ್ಕೆ ಹಣ ಬೇಕು, ತಾಲ್ಲೂಕು ಮಟ್ಟದಲ್ಲಿ ಚಿಕಿತ್ಸಕರ ಹುದ್ದೆಗಳೂ ಬೇಕು. 2010-11ರಿಂದ ನಡೆಯುತ್ತಿರುವ ಹಿರಿಯರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗೆ 10 ಹಾಸಿಗೆಯ ವೃದ್ಧರ ವಾರ್ಡು, ಫಿಸಿಯೊಥೆರಪಿಸ್ಟ್, ಸಮುದಾಯ ಆರೋಗ್ಯ ಕೇಂದ್ರಕ್ಕೆ ಪುನಶ್ಚೇತನ ಕಾರ್ಯಕರ್ತರ ಕಲ್ಪನೆ ಆಗಲೇ ಇದೆ. ಆ ಹುದ್ದೆಗಳನ್ನು ಭರ್ತಿ ಮಾಡಿ, ವಾರಕ್ಕೆ ಎರಡು ದಿನವಾದರೂ ಚಿಕಿತ್ಸಕರನ್ನು ವಾಹನದಲ್ಲಿ ಹಳ್ಳಿಗಳಿಗೆ ಕಳುಹಿಸಿದರೆ ಬಸ್ಸಿನ ಮೆಟ್ಟಿಲಿನ ಸಮಸ್ಯೆ ಅರ್ಧ ತೀರುತ್ತದೆ. ಇವನ್ನೆಲ್ಲ ಏಕಕಾಲಕ್ಕೆ ರಾಜ್ಯದಾದ್ಯಂತ ಮಾಡಲಾಗದಿದ್ದರೆ ಕೋಲಾರ ಮತ್ತು ಚಿಕ್ಕಬಳ್ಳಾಪುರದಿಂದ ಶುರು ಮಾಡಬಹುದು. ಅಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳು ಎಲ್ಲಕ್ಕಿಂತ ಮೊದಲು ಬಂದಿವೆ, ಮನೆಗೆ ಮರಳಿದವರಲ್ಲಿ ಆರು ತಿಂಗಳ ನಂತರ ಎಷ್ಟು ಜನ ತಾವೇ ಎದ್ದು ನಡೆಯುತ್ತಿದ್ದಾರೆ, ಎಷ್ಟು ಜನಕ್ಕೆ ಹುಣ್ಣಾಗಿದೆ ಎಂಬ ಲೆಕ್ಕವನ್ನೂ ಆ ಕ್ಲಿನಿಕ್‌ಗಳೇ ಇಡಬಹುದು. ಆಸ್ಪತ್ರೆ ತನ್ನ ಯಶಸ್ಸನ್ನು ಡಿಸ್ಚಾರ್ಜ್ ದಿನಕ್ಕೆ ಅಳೆಯದೆ ಆ ಆರನೇ ತಿಂಗಳಿಗೆ ಅಳೆಯುವಂತಾದರೆ ಸಮ್ಮರಿಯ ಕೊನೆಯ ಸಾಲನ್ನು ಬೇರೆ ರೀತಿ ಬರೆಯಲೇಬೇಕಾಗುತ್ತದೆ.